ಉಬುಂಟುವಿನಲ್ಲಿ ‘ಪ್ಲಗಿನ್ ಬೇಕು’ ಅಂದರೆ, ಕೇಳುತ್ತಿರುವುದು ಯಾರು ಅಂತ ಮೊದಲು ನೋಡಿ

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ವಾರ. ಕಿನ್ನಾಳ ಕಡೆಯ ವಿಜ್ಞಾನದ ಟೀಚರೊಬ್ಬರು ಕೊಪ್ಪಳದ ನಮ್ಮ ರಿಪೇರಿ ಅಂಗಡಿಗೆ ಹಳೆಯ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದರು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತಲ್ಲ, ಅವರ ಯಂತ್ರ ವಿಂಡೋಸ್ 11ಕ್ಕೆ ಹೊಂದುವುದಿಲ್ಲ. ಅವರ ಅಣ್ಣನ ಮಗ ವಿಂಡೋಸ್ ಬದಲು ಲಿನಕ್ಸ್‌ನ ಒಂದು ರೂಪವಾದ ಉಬುಂಟು 24.04 ಹಾಕಿಕೊಟ್ಟು ತನ್ನ ಕಾಲೇಜಿಗೆ ವಾಪಸ್ ಹೋಗಿದ್ದ.

“ಎಲ್ಲಾ ಚಲೋ ಐತ್ರಿ ಅಣ್ಣಾರ. ಈ ಪ್ಲಗಿನ್ ಒಂದು ಕೂಡವಲ್ದು. ಮೂರು ದಿನ ಆತು ನೋಡ್ರಿ” ಅಂದರು. ಪ್ಲಗಿನ್ ಅಂದರೆ ಬ್ರೌಸರ್‌ಗೆ ಜೋಡಿಸುವ ಸಣ್ಣ ಹೆಚ್ಚುವರಿ ತಂತ್ರಾಂಶ.

ಡೌನ್‌ಲೋಡ್ಸ್ ಫೋಲ್ಡರ್ ತೆರೆದೆ. ಹನ್ನೊಂದು ಫೈಲ್ ಇದ್ದವು. ನಾಲ್ಕು ಡಾಟ್ ಇಎಕ್ಸ್‌ಇ, ಮೂರು ಟಾರ್ ಜಿಝಡ್ (ಒತ್ತಿ ಕಟ್ಟಿದ ಗಂಟು), ಎರಡು ಡೆಬ್ (ಉಬುಂಟುವಿನ ಇನ್‌ಸ್ಟಾಲ್ ಪೊಟ್ಟಣ). ಉಳಿದೆರಡರ ಹೆಸರು ‘ಪ್ಲೇಯರ್ ಅಪ್‌ಡೇಟ್’. ಅವು ಯಾವುದೋ ಜಾಹೀರಾತಿನಿಂದ ಬಂದವು. ಲಿನಕ್ಸ್‌ಗೆ ಹೊಸದಾಗಿ ಬಂದ ಯಾರ ಡೌನ್‌ಲೋಡ್ಸ್ ತೆರೆದರೂ ನನಗೆ ಹೆಚ್ಚು ಕಡಿಮೆ ಇದೇ ಕಾಣಿಸುತ್ತದೆ. ವಿಂಡೋಸ್‌ನಲ್ಲಿ ನಮಗೆ ಆದ ರೂಢಿ ಅದು: ಏನೋ ಬೇಕು ಅಂತ ಬಂತು, ಹುಡುಕು, ಇಳಿಸು, ಡಬಲ್ ಕ್ಲಿಕ್ ಮಾಡು. ಇಲ್ಲಿ ಆ ದಾರಿ ಹಿಡಿದರೆ ಮೂರು ದಿನ ಸುಮ್ನೆ ಹೋಗುತ್ತದೆ. ‘ಪ್ಲಗಿನ್ ಬೇಕು’ ಅನ್ನುವ ಒಂದೇ ಮಾತನ್ನು ಬೇರೆ ಬೇರೆ ಕಡೆಯವರು ಹೇಳುತ್ತಾರೆ. ಪುಟ ಕೇಳುತ್ತಿದೆಯೋ, ಬ್ರೌಸರ್ ಕೇಳುತ್ತಿದೆಯೋ, ಬ್ರೌಸರ್‌ನ ಹೊರಗಿರುವ ಸಾಫ್ಟ್‌ವೇರ್ ಕೇಳುತ್ತಿದೆಯೋ ಅಂತ ಗೊತ್ತಾದರೆ ಅರ್ಧ ರಿಪೇರಿ ಮುಗಿಯಿತು.

ಶುರುವಿಗೆ ತಾರೀಖು ನೋಡಿ

ಟೀಚರ್‌ಗೆ ಆಗಿದ್ದ ಮೊದಲ ತೊಂದರೆಗೂ ಪ್ಲಗಿನ್‌ಗೂ ಸಂಬಂಧವೇ ಇರಲಿಲ್ಲ. ಸಾಫ್ಟ್‌ವೇರ್ ಪಟ್ಟಿ ಅಪ್‌ಡೇಟ್ ಮಾಡಲು ಹೋದರೆ ‘ರಿಲೀಸ್ ಫೈಲ್ ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂಬ ಅರ್ಥದ ಸಾಲು ಬರುತ್ತಿತ್ತು. ಕೆಲವು ಸೈಟ್‌ಗಳಲ್ಲಿ ಫೈರ್‌ಫಾಕ್ಸ್ ಬ್ರೌಸರ್ ‘ಸುರಕ್ಷಿತ ಸಂಪರ್ಕ ಇಲ್ಲ’ ಅನ್ನುತ್ತಿತ್ತು. ಪರದೆಯ ಮೇಲ್ಗಡೆ ನೋಡಿದೆ. ಏಪ್ರಿಲ್ 9 ಅಂತ ಇತ್ತು. ಆವತ್ತು ಜೂನ್ ಮೊದಲ ವಾರ.

ಲ್ಯಾಪ್‌ಟಾಪ್ ರಜೆ ಪೂರ್ತಿ ಬೀರುವಿನಲ್ಲಿತ್ತು. ದೊಡ್ಡ ಬ್ಯಾಟರಿ ಸತ್ತಿತ್ತು. ಒಳಗೆ ಗಡಿಯಾರ ನಡೆಸುವ ನಾಣ್ಯದಂಥ ಸಣ್ಣ ಸೆಲ್ ಕೂಡ ಮುಗಿದಿತ್ತು. ಹೀಗಾದಾಗ ಉಬುಂಟು ತಾನು ಕೊನೆಗೆ ನೆನಪಿಟ್ಟುಕೊಂಡ ಸಮಯದಿಂದಲೇ ಮುಂದುವರಿಯುತ್ತದೆ. ವರ್ಷ ಸರಿಯಾಗೇ ಇರುವುದರಿಂದ ನಮ್ಮ ಕಣ್ಣಿಗೆ ತಪ್ಪು ಬೀಳುವುದಿಲ್ಲ. ಸೈಟ್‌ಗಳ ಭದ್ರತಾ ಪ್ರಮಾಣಪತ್ರಗಳು ಕೆಲವೇ ತಿಂಗಳ ಆಯಸ್ಸಿನವು. ಮೇನಲ್ಲಿ ಕೊಟ್ಟ ಪತ್ರವನ್ನು ಏಪ್ರಿಲ್‌ನಲ್ಲಿ ನಿಂತಿರುವ ಯಂತ್ರ ಹೇಗೆ ಒಪ್ಪೀತು? ಸೆಟ್ಟಿಂಗ್ಸ್‌ನಲ್ಲಿ ‘ಆಟೊಮ್ಯಾಟಿಕ್ ಡೇಟ್ ಅಂಡ್ ಟೈಮ್’ ಆಫ್ ಆಗಿತ್ತು. ಆನ್ ಮಾಡಿ, ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟೆ. ಒಂದು ನಿಮಿಷದಲ್ಲಿ ತಾರೀಖು ಸರಿಹೋಯಿತು, ಆ ಎರಡೂ ತಕರಾರು ಹೋದವು. ಸೆಲ್ ಆಮೇಲೆ ಬದಲಿಸಿದೆ.

ಇದನ್ನು ನೋಡಲು ಹತ್ತು ಸೆಕೆಂಡ್ ಸಾಕು. ಅದಕ್ಕೇ ನಾನು ಯಾವ ಯಂತ್ರ ಬಂದರೂ ಇದರಿಂದಲೇ ಶುರು ಮಾಡುತ್ತೇನೆ.

ನಿಮ್ಮ ಫೈರ್‌ಫಾಕ್ಸ್ ಯಾವ ಮನೆಯದು?

ಉಬುಂಟುವಿನಲ್ಲಿ ಫೈರ್‌ಫಾಕ್ಸ್ ಎರಡು ರೂಪದಲ್ಲಿ ಇರಬಹುದು. ಒಂದು ಡೆಬ್. ಅದು ಇಡೀ ಸಿಸ್ಟಂ ಜೊತೆ ಬೆರೆತಿರುತ್ತದೆ. ಇನ್ನೊಂದು ಸ್ನ್ಯಾಪ್. ಅದಕ್ಕೆ ಸುತ್ತಲೂ ಕಾಂಪೌಂಡ್ ಗೋಡೆ ಇದೆ ಅನ್ನಿ. ತನಗೆ ಬೇಕಾದ ಸಾಮಾನನ್ನು ಒಳಗೇ ಇಟ್ಟುಕೊಂಡಿರುತ್ತದೆ, ಹೊರಗಿನದನ್ನು ಕೇಳಿಯೇ ಮುಟ್ಟಬೇಕು. 22.04ರಿಂದ ಈಚೆಗೆ ಉಬುಂಟು ಜೊತೆ ಬರುವುದು ಸ್ನ್ಯಾಪ್.

ಸುರಕ್ಷತೆಗೆ ಈ ಗೋಡೆ ಒಳ್ಳೆಯದೇ. ಆದರೆ ಹೊಸಬರ ತಲೆನೋವು ಜಾಸ್ತಿ ಹುಟ್ಟುವುದು ಇಲ್ಲೇ. ನೀವು ಹಳೆಯ ಸಲಹೆ ಓದಿ ಸಿಸ್ಟಂಗೆ ವಿಡಿಯೊ ಕೋಡೆಕ್ (ವಿಡಿಯೊ ಬಿಚ್ಚಿ ತೋರಿಸುವ ತಂತ್ರಾಂಶ) ಹಾಕುತ್ತೀರಿ. ವಿಎಲ್‌ಸಿ ಪ್ಲೇಯರ್‌ನಲ್ಲಿ ಸಿನಿಮಾ ಓಡುತ್ತದೆ, ಫೈರ್‌ಫಾಕ್ಸ್‌ನಲ್ಲಿ ಒಂದಿಷ್ಟೂ ಬದಲಾಗುವುದಿಲ್ಲ. ಸ್ನ್ಯಾಪ್ ಫೈರ್‌ಫಾಕ್ಸ್‌ಗೆ ಹೊರಗಿನ ಕೋಡೆಕ್ ಕಾಣಿಸುವುದೇ ಇಲ್ಲ. ನಿಮ್ಮ ಫೈಲ್‌ಗಳೆಲ್ಲ ಇರುವ ಹೋಮ್ ಫೋಲ್ಡರ್‌ನೊಳಗೆ ಚುಕ್ಕೆಯಿಂದ ಶುರುವಾಗುವ ಗುಪ್ತ ಫೋಲ್ಡರ್ ಇರುತ್ತವಲ್ಲ, ಅವೂ ಅದಕ್ಕೆ ಕಾಣುವುದಿಲ್ಲ. ಟೆಂಪ್ ಫೋಲ್ಡರ್ ಕೂಡ ಹಾಗೆಯೇ. ಫೈಲ್ ಅಲ್ಲೇ ಇದೆ, ಫೈಲ್ ಮ್ಯಾನೇಜರ್‌ನಲ್ಲಿ ಕಾಣುತ್ತಿದೆ, ಫೈರ್‌ಫಾಕ್ಸ್ ಮಾತ್ರ ‘ಫೈಲ್ ಸಿಗಲಿಲ್ಲ’ ಅನ್ನುತ್ತದೆ.

ಯಾವುದಿದೆ ಅಂತ ತಿಳಿಯುವುದು ಸುಲಭ. ಫೈರ್‌ಫಾಕ್ಸ್‌ನ ಮೂರು ಗೆರೆಯ ಮೆನು ಒತ್ತಿ, ‘ಹೆಲ್ಪ್’ ಒಳಗೆ ‘ಮೋರ್ ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ತೆರೆಯಿರಿ. ಅಲ್ಲಿ ‘ಅಪ್ಲಿಕೇಶನ್ ಬೈನರಿ’ ಅನ್ನುವ ಸಾಲು ಇದೆ. ಆ ದಾರಿ ‘ಸ್ನ್ಯಾಪ್’ ಅಂತ ಶುರುವಾದರೆ ಸ್ನ್ಯಾಪ್, ‘ಯುಎಸ್‌ಆರ್’ ಅಂತ ಶುರುವಾದರೆ ಡೆಬ್. ಯಾರಿಗಾದರೂ ಫೋನ್ ಮಾಡಿ ಸಹಾಯ ಕೇಳುವ ಮುಂಚೆ ಈ ಸಾಲನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಕೇಳಿಸಿಕೊಳ್ಳುವವರಿಗೆ ಅರ್ಧ ಗಂಟೆ ಉಳಿಯುತ್ತದೆ.

ಪುಟವೇ ಪ್ಲಗಿನ್ ಕೇಳುತ್ತಿದ್ದರೆ

ಟೀಚರ್ ಬಳಿ ಹಳೆಯ ವಿಜ್ಞಾನ ಪಾಠದ ಸಿಡಿ ಇತ್ತು. ಹೃದಯ ಹೇಗೆ ಬಡಿಯುತ್ತದೆ, ವಿದ್ಯುತ್ ಮಂಡಲದಲ್ಲಿ ಬಲ್ಬ್ ಹೇಗೆ ಹತ್ತುತ್ತದೆ ಅಂತ ಅನಿಮೇಶನ್. ತೆರೆದರೆ ನಡುವೆ ಬೂದು ಚೌಕ, ಅದರ ಮೇಲೆ ‘ಈ ಪುಟ ನೋಡಲು ಪ್ಲಗಿನ್ ಬೇಕು’. ಹನ್ನೊಂದು ಫೈಲ್‌ಗಳೂ ಈ ಒಂದು ಚೌಕದ ಸಲುವಾಗಿ ಇಳಿದವು.

ಆ ಪುಟ ಕೇಳುತ್ತಿದ್ದದ್ದು ಅನಿಮೇಶನ್ ಓಡಿಸುತ್ತಿದ್ದ ಹಳೆಯ ಪ್ಲಗಿನ್, ಫ್ಲ್ಯಾಶ್ ಪ್ಲೇಯರ್. ಅಡೋಬ್ ಕಂಪನಿ ಅದನ್ನು 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿತು. 2021ರ ಜನವರಿ 12ರಿಂದ ಇದ್ದ ಪ್ಲೇಯರ್‌ಗಳಲ್ಲೂ ಫ್ಲ್ಯಾಶ್ ಓಡದಂತೆ ತಡೆ ಬಂತು. ಅದೇ ತಿಂಗಳು ಬಂದ ಫೈರ್‌ಫಾಕ್ಸ್ 85ರಿಂದ ಫ್ಲ್ಯಾಶ್ ಬೆಂಬಲ ಪೂರ್ತಿ ಹೋಯಿತು. ಅದಕ್ಕೂ ಮುಂಚೆ, 2017ರ ಫೈರ್‌ಫಾಕ್ಸ್ 52ರಲ್ಲೇ, ಜಾವಾ, ಸಿಲ್ವರ್‌ಲೈಟ್ ತರಹದ ಉಳಿದ ಹಳೆ ಪ್ಲಗಿನ್‌ಗಳು ಹೋಗಿದ್ದವು. ಕ್ರೋಮ್ 2015ರ ಕೊನೆಯ ಹೊತ್ತಿಗೇ ಅವನ್ನು ಕೈಬಿಟ್ಟಿತ್ತು.

ಅಂದರೆ ಪುಟ ಕೇಳುತ್ತಿರುವ ವಸ್ತು ಇವತ್ತು ಇಲ್ಲ. ಅದನ್ನು ಕೂಡಿಸುವ ಕೊಂಡಿಯೂ ಬ್ರೌಸರ್‌ನಲ್ಲಿ ಇಲ್ಲ. ಇಂಥ ಪ್ಲಗಿನ್ ಫೋಲ್ಡರ್‌ನಲ್ಲಿ ಈ ಫೈಲ್ ಹಾಕಿ ಅಂತ ಹೇಳುವ ಹಳೆ ಸಲಹೆಗಳನ್ನು ಎಷ್ಟು ಶ್ರದ್ಧೆಯಿಂದ ಮಾಡಿದರೂ ಫಲ ಇಲ್ಲ. ಇವತ್ತು ಯಾರಾದರೂ ‘ಫ್ಲ್ಯಾಶ್ ಪ್ಲೇಯರ್ ಅಪ್‌ಡೇಟ್’ ಕೊಡುತ್ತೇವೆ ಅಂದರೆ ಅದನ್ನು ಮುಟ್ಟಲೇಬೇಡಿ. ಟೀಚರ್ ಯಂತ್ರದ ಆ ಎರಡು ಫೈಲ್‌ಗಳನ್ನು ಅಲ್ಲೇ ಅಳಿಸಿದೆ. ಇಎಕ್ಸ್‌ಇಗಳನ್ನೂ ಅಳಿಸಿದೆ, ಅವು ವಿಂಡೋಸ್‌ಗೆ ಮಾಡಿದವು.

ಹಾಗಾದರೆ ಪಾಠ ನೋಡುವುದು ಹೇಗೆ? ರಫಲ್ ಅನ್ನುವ ಮುಕ್ತ ತಂತ್ರಾಂಶ ಇದೆ. ಫ್ಲ್ಯಾಶ್ ಮಾಡುತ್ತಿದ್ದ ಕೆಲಸವನ್ನು ಅದು ಹೊಸದಾಗಿ ಬರೆದ ಕೋಡ್‌ನಿಂದ ಮಾಡುತ್ತದೆ. ಫೈರ್‌ಫಾಕ್ಸ್‌ಗೆ ಎಕ್ಸ್‌ಟೆನ್ಶನ್ ಆಗಿ, ಅಂದರೆ ಬ್ರೌಸರ್‌ನ ಒಳಗಿಂದಲೇ ಹಾಕಿಕೊಳ್ಳುವ ಪುಟ್ಟ ಸೇರ್ಪಡೆಯಾಗಿ, ಸಿಗುತ್ತದೆ. ಮೆನುವಿನಲ್ಲಿ ‘ಎಕ್ಸ್‌ಟೆನ್ಶನ್ಸ್ ಅಂಡ್ ಥೀಮ್ಸ್’ ಅಥವಾ ‘ಆ್ಯಡ್-ಆನ್ಸ್ ಅಂಡ್ ಥೀಮ್ಸ್’ ಅಂತ ಇರುತ್ತದೆ. ಅಲ್ಲೇ ಹುಡುಕಿ, ಅಲ್ಲಿಂದಲೇ ಹಾಕಿ. ಹೊರಗಡೆ ಎಲ್ಲೂ ಹೋಗಬೇಡಿ.

ಎಕ್ಸ್‌ಟೆನ್ಶನ್ ಕೂತಿತು, ಕೆಲಸ ಮಾಡುತ್ತಿಲ್ಲ

ಮೊದಲು ಒಗಟಿನ ತುಂಡಿನ ಹಾಗಿರುವ ಐಕಾನ್ ಒತ್ತಿ. ಹಾಕಿದ್ದೆಲ್ಲ ಅದರೊಳಗೆ ಇರುತ್ತದೆ. ಟೂಲ್‌ಬಾರ್‌ನಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಅಲ್ಲ.

ಇದ್ದೂ ಕೆಲಸ ಮಾಡದಿದ್ದರೆ, ನೀವು ಯಾವ ಪುಟದಲ್ಲಿ ಪರೀಕ್ಷೆ ಮಾಡುತ್ತಿದ್ದೀರಿ ನೋಡಿ. ಎಷ್ಟೋ ಜನ ಎಕ್ಸ್‌ಟೆನ್ಶನ್ ಹಾಕಿದ ಅದೇ ಮೊಝಿಲ್ಲಾ (ಫೈರ್‌ಫಾಕ್ಸ್ ಮಾಡುವ ಸಂಸ್ಥೆ) ಪುಟದಲ್ಲಿ ಅದನ್ನು ಒತ್ತಿ ನೋಡಿ ‘ನಡೆಯುತ್ತಿಲ್ಲ’ ಅನ್ನುತ್ತಾರೆ. ಭದ್ರತೆಗಾಗಿ ಆ ಸೈಟ್‌ನಲ್ಲಿ, ಮತ್ತು ಫೈರ್‌ಫಾಕ್ಸ್‌ನ ಸ್ವಂತ ಸೆಟ್ಟಿಂಗ್ ಪುಟಗಳಲ್ಲಿ, ಎಕ್ಸ್‌ಟೆನ್ಶನ್‌ಗಳಿಗೆ ಪ್ರವೇಶ ಇಲ್ಲ. ಬೇರೆ ಯಾವುದಾದರೂ ಪುಟಕ್ಕೆ ಹೋಗಿ ನೋಡಿ. ಪ್ರೈವೇಟ್ ವಿಂಡೋದಲ್ಲಿ ಇದ್ದರೆ ಅಲ್ಲಿಗೆ ಬೇರೆಯಾಗಿ ಅನುಮತಿ ಕೊಡಬೇಕು. ಎಕ್ಸ್‌ಟೆನ್ಶನ್‌ನ ವಿವರದಲ್ಲಿ ‘ರನ್ ಇನ್ ಪ್ರೈವೇಟ್ ವಿಂಡೋಸ್’ ಅಂತ ಇದೆ.

ಒಂದು ಎಕ್ಸ್‌ಟೆನ್ಶನ್ ಹಾಕಿದ ಮೇಲೆ ಬೇರೆ ಏನೋ ಕೆಟ್ಟರೆ, ‘ಹೆಲ್ಪ್’ ಒಳಗೆ ‘ಟ್ರಬಲ್‌ಶೂಟ್ ಮೋಡ್’ ಒತ್ತಿ. ಆಗ ಎಕ್ಸ್‌ಟೆನ್ಶನ್‌ಗಳೆಲ್ಲ ತಾತ್ಕಾಲಿಕವಾಗಿ ನಿಲ್ಲುತ್ತವೆ. ಆಗ ಪುಟ ಸರಿಯಾಗಿ ತೆರೆದರೆ ಅನುಮಾನ ಎಕ್ಸ್‌ಟೆನ್ಶನ್‌ಗಳ ಮೇಲೆ. ಸಾಮಾನ್ಯ ಮೋಡ್‌ಗೆ ಬಂದು ಒಂದೊಂದಾಗಿ ನಿಲ್ಲಿಸುತ್ತಾ ನೋಡಿ. ಜಾಹೀರಾತು ತಡೆಯುವವು ಎರಡು ಮೂರು ಒಟ್ಟಿಗೆ ಇದ್ದರೆ ಮೊದಲು ಅವನ್ನು.

ಬ್ರೌಸರ್ ಕೇಳುತ್ತಿದ್ದರೆ

ಇದು ಎಲ್ಲಕ್ಕಿಂತ ಸುಲಭ. ದುಡ್ಡು ಕೊಟ್ಟು ನೋಡುವ ಸಿನಿಮಾ, ಸೀರಿಯಲ್ ಸೈಟ್ ತೆರೆದಾಗ ಪುಟದ ಮೇಲ್ಗಡೆ ‘ಡಿಆರ್‌ಎಂ ಆನ್ ಮಾಡಿ’ ಅಂತ ಪಟ್ಟಿ ಬರುತ್ತದೆ. ಡಿಆರ್‌ಎಂ ಅಂದರೆ ನಕಲು ತಡೆಯುವ ಬೀಗ. ಅಲ್ಲಿರುವ ಬಟನ್ ಒತ್ತಿದರೆ ಸಾಕು. ಫೈರ್‌ಫಾಕ್ಸ್ ತಾನೇ ಗೂಗಲ್‌ನ ವೈಡ್‌ವೈನ್ ಘಟಕ ಇಳಿಸಿಕೊಳ್ಳುತ್ತದೆ. ಆ್ಯಡ್-ಆನ್ಸ್ ಪುಟದಲ್ಲಿ ‘ಪ್ಲಗಿನ್ಸ್’ ಒತ್ತಿದರೆ ಅದು ಕಾಣಿಸುತ್ತದೆ, ಪಕ್ಕದಲ್ಲಿ ಸಿಸ್ಕೊ ಕಂಪನಿಯ ಓಪನ್ ಎಚ್264 ಅನ್ನುವ ವಿಡಿಯೊ ಕೋಡೆಕ್ ಕೂಡ ಇರುತ್ತದೆ. ಇವತ್ತಿನ ಫೈರ್‌ಫಾಕ್ಸ್‌ನಲ್ಲಿ ‘ಪ್ಲಗಿನ್’ ಅಂದರೆ ಹೆಚ್ಚು ಕಡಿಮೆ ಇವೇ. ‘ಇಳಿಯುತ್ತಿದೆ’ ಅಂತ ತೋರಿಸಿದರೆ ಎರಡು ನಿಮಿಷ ಬಿಟ್ಟು ಪುಟವನ್ನು ರೀಲೋಡ್ ಮಾಡಿ.

ಹೊರಗಿನ ಸಾಫ್ಟ್‌ವೇರ್ ಬೇಕಾದಾಗ

ಗಂಗಾವತಿಯ ಅಕ್ಕಿ ವ್ಯಾಪಾರದ ಲೆಕ್ಕ ನೋಡುವವರೊಬ್ಬರು ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ತಂದಿದ್ದರು. ಟೋಕನ್ ಕಂಪನಿಯ ಲಿನಕ್ಸ್ ಡ್ರೈವರ್ ಸರಿಯಾಗೇ ಕೂತಿತ್ತು. ಫೈರ್‌ಫಾಕ್ಸ್‌ನ ‘ಸೆಕ್ಯುರಿಟಿ ಡಿವೈಸಸ್’ ಒಳಗೆ ‘ಲೋಡ್’ ಒತ್ತಿ ಡ್ರೈವರ್ ಫೈಲ್ ತೋರಿಸಿದರೆ ಸೇರಿಸಲು ಆಗಲಿಲ್ಲ ಅಂತ ಬರುತ್ತಿತ್ತು. ಪಾಸ್‌ವರ್ಡ್ ತಪ್ಪಿರಬೇಕು, ಟೋಕನ್ ಕೆಟ್ಟಿರಬೇಕು ಅಂತ ಅವರು ಹೆದರಿದ್ದರು. ಎರಡೂ ಸರಿಯಿದ್ದವು. ಬ್ರೌಸರ್ ಸ್ನ್ಯಾಪ್ ಆಗಿತ್ತು, ಡ್ರೈವರ್ ಗೋಡೆಯ ಆಚೆ ಇತ್ತು. ಡೆಬ್ ಫೈರ್‌ಫಾಕ್ಸ್ ಹಾಕಿದ ಮೇಲೆ ಅದೇ ಡ್ರೈವರ್ ಮೊದಲ ಸಲಕ್ಕೇ ಸೇರಿತು.

ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ. ಉಬುಂಟುವಿನ ಸ್ವಂತ ಪಟ್ಟಿಯಿಂದ ಆಪ್ಟ್ (ಸಾಫ್ಟ್‌ವೇರ್ ತಂದು ಹಾಕುವ ಸಾಧನ) ಮೂಲಕ ಫೈರ್‌ಫಾಕ್ಸ್ ಹಾಕಿದರೆ ಡೆಬ್ ಬರುತ್ತದೆ ಅಂದುಕೊಳ್ಳುತ್ತೇವೆ. ಆ ಪೊಟ್ಟಣ ಹೆಸರಿಗೆ ಮಾತ್ರ ಡೆಬ್. ತಿರುಗಿ ಸ್ನ್ಯಾಪ್‌ನ್ನೇ ತಂದು ಹಾಕುತ್ತದೆ. ನಿಜವಾದ ಡೆಬ್ ಬೇಕಾದರೆ ಮೊಝಿಲ್ಲಾದ್ದೇ ಆಪ್ಟ್ ಭಂಡಾರ (ಪೊಟ್ಟಣಗಳು ಸಿಗುವ ಇಂಟರ್ನೆಟ್ ಜಾಗ) ಸೇರಿಸಬೇಕು. ಸಾಮಾನ್ಯ ಬಳಕೆಯ ಫೈರ್‌ಫಾಕ್ಸ್ 2024ರ ಜನವರಿಯಿಂದ ಅಲ್ಲಿ ಸಿಗುತ್ತಿದೆ. ಅವರ ಸಹಾಯ ಪುಟದಲ್ಲಿರುವ ಹಂತಗಳನ್ನು ಒಂದೂ ಬಿಡದೆ ಮಾಡಿ. ಅದರಲ್ಲೂ ಆ ಭಂಡಾರಕ್ಕೆ ಆದ್ಯತೆ ಕೊಡುವ ಹಂತ. ಅದನ್ನು ಬಿಟ್ಟರೆ ಉಬುಂಟುವಿನ ಪೊಟ್ಟಣವೇ ಮತ್ತೆ ಮೇಲೆ ಬಂದು ಕೂರುತ್ತದೆ.

ಹೊಸದನ್ನು ತೆರೆದಾಗ ಬುಕ್‌ಮಾರ್ಕ್, ಪಾಸ್‌ವರ್ಡ್ ಏನೂ ಇರುವುದಿಲ್ಲ. ಎದೆ ಧಸಕ್ ಅನ್ನುತ್ತದೆ ನಿಜ. ಅವು ಹೋಗಿಲ್ಲ. ಸ್ನ್ಯಾಪ್ ತನ್ನ ಪ್ರೊಫೈಲ್‌ನ್ನು ಹೋಮ್‌ನೊಳಗಿನ ‘ಸ್ನ್ಯಾಪ್’ ಫೋಲ್ಡರ್‌ನಲ್ಲಿ ಇಟ್ಟಿರುತ್ತದೆ, ಡೆಬ್ ಬೇರೆ ಕಡೆ ಹುಡುಕುತ್ತದೆ. ಅದಕ್ಕೇ ಹಳೆಯದನ್ನು ತೆಗೆಯುವ ಮುಂಚೆ ಫೈರ್‌ಫಾಕ್ಸ್ ಸಿಂಕ್ ಆನ್ ಮಾಡಿ, ಇಲ್ಲವೇ ಆ ಪ್ರೊಫೈಲ್ ಫೋಲ್ಡರ್ ಕಾಪಿ ಇಟ್ಟುಕೊಳ್ಳಿ. ಹಣಕಾಸಿನ ಲೆಕ್ಕದವರ ಯಂತ್ರದಲ್ಲಿ ನಾನು ಎರಡನ್ನೂ ಮಾಡುತ್ತೇನೆ.

ಇನ್ನೊಂದು ಮಾತು. ನಿಮಗೆ ಬೇಕಾದ ಸಹಿ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾತ್ರ ಮಾಡಿದ್ದರೆ, ಆ ಒಂದು ಕೆಲಸಕ್ಕೆ ವಿಂಡೋಸ್ ಯಂತ್ರವನ್ನೇ ಬಳಸಿ. ರಿಟರ್ನ್ ಸಲ್ಲಿಸುವ ಕೊನೆಯ ದಿನ ಪ್ರಯೋಗ ಮಾಡುವುದು ಬೇಡ.

ಟರ್ಮಿನಲ್‌ನಲ್ಲಿ ಸಿಕ್ಕಿಹಾಕಿಕೊಂಡಾಗ

ಟೀಚರ್ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು ‘ಸುಡೋ’ (ನಿರ್ವಾಹಕರ ಅಧಿಕಾರ ಕೇಳುವ) ಆಜ್ಞೆ ಕೊಟ್ಟಿದ್ದರಂತೆ. ಪಾಸ್‌ವರ್ಡ್ ಕೇಳಿತು. ಟೈಪ್ ಮಾಡಿದರು, ಪರದೆಯ ಮೇಲೆ ಏನೂ ಮೂಡಲಿಲ್ಲ. ಚುಕ್ಕೆಯೂ ಇಲ್ಲ, ನಕ್ಷತ್ರವೂ ಇಲ್ಲ. ಕೀಬೋರ್ಡ್ ಕೆಟ್ಟಿದೆ ಅಂತ ಬಂದ್ ಮಾಡಿ ಎದ್ದರು. ನನ್ನೆದುರು ಮತ್ತೆ ಮಾಡಿ ತೋರಿಸಿದರು. ಬೆರಳು ಕೀಲಿಯ ಮೇಲೆ ಮೆಲ್ಲಗೆ ಇಳಿಯುತ್ತದೆ, ಕಣ್ಣು ಪರದೆಗೆ ಹೋಗುತ್ತದೆ, ಅಲ್ಲಿ ಏನೂ ಇಲ್ಲದ್ದು ನೋಡಿ ಬೆರಳು ಅಲ್ಲೇ ನಿಲ್ಲುತ್ತದೆ. “ಮೂಡಂಗಿಲ್ರಿ ಅದು. ಹಂಗ ಪೂರ್ತಿ ಹೊಡದು ಎಂಟರ್ ಒತ್ರಿ” ಅಂದೆ. ಒತ್ತಿದರು, ಸಾಲುಗಳು ಸರಸರ ಓಡಿದವು. ಪಕ್ಕದಲ್ಲಿ ನಿಂತವರಿಗೆ ಪಾಸ್‌ವರ್ಡ್‌ನ ಉದ್ದ ಕೂಡ ತಿಳಿಯಬಾರದು ಅಂತ ಹಾಗೆ ಮಾಡಿದ್ದಾರೆ.

ಟರ್ಮಿನಲ್‌ನಲ್ಲಿ ಕಾಪಿ, ಪೇಸ್ಟ್ ಕೂಡ ಬೇರೆ. ಕಂಟ್ರೋಲ್ ಜೊತೆ ಶಿಫ್ಟ್ ಒತ್ತಿ ಸಿ, ಕಂಟ್ರೋಲ್ ಜೊತೆ ಶಿಫ್ಟ್ ಒತ್ತಿ ವಿ. ಶಿಫ್ಟ್ ಬಿಟ್ಟು ಕಂಟ್ರೋಲ್ ಸಿ ಒತ್ತಿದರೆ ನಡೆಯುತ್ತಿರುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ನಂಬಿಕೆಯ ಜಾಗದಿಂದ ಡೆಬ್ ಫೈಲ್ ಇಳಿಸಿ ಆಪ್ಟ್‌ನಿಂದ ಹಾಕುವಾಗ ಫೈಲ್ ಹೆಸರಿನ ಮುಂದೆ ಚುಕ್ಕೆ ಮತ್ತು ಓರೆಗೆರೆ ಹಾಕಬೇಕು. ಇಲ್ಲದಿದ್ದರೆ ಆಪ್ಟ್ ಆ ಹೆಸರನ್ನು ಇಂಟರ್ನೆಟ್ ಭಂಡಾರದಲ್ಲಿ ಹುಡುಕಿ ‘ಸಿಗಲಿಲ್ಲ’ ಅನ್ನುತ್ತದೆ. ಆ ಎರಡು ಗುರುತು ಹಾಕಿದರೆ ‘ಈ ಫೋಲ್ಡರ್‌ನಲ್ಲೇ ಇದೆ, ನೋಡು’ ಅಂತ ಹೇಳಿದ ಹಾಗೆ.

‘ಲಾಕ್ ಸಿಗಲಿಲ್ಲ’ ಅಂತ ಬಂದರೆ ಹಿನ್ನೆಲೆಯಲ್ಲಿ ಉಬುಂಟು ತಾನೇ ಅಪ್‌ಡೇಟ್ ಮಾಡುತ್ತಿರುತ್ತದೆ. ಹತ್ತು ಹದಿನೈದು ನಿಮಿಷ ಕಾಯಿರಿ. ಲಾಕ್ ಫೈಲ್ ಅಳಿಸಿ ಅಂತ ಯಾರು ಹೇಳಿದರೂ ಕೇಳಬೇಡಿ. ಒಂದೇ ಹೊತ್ತಿಗೆ ಇಬ್ಬರು ಬರೆಯಲು ಹೋದರೆ ಪೊಟ್ಟಣಗಳ ಲೆಕ್ಕದ ಪುಸ್ತಕವೇ ಕೆಡುತ್ತದೆ.

ನಮ್ಮ ಕಡೆ ಕರೆಂಟ್ ಹೋಗುವುದು ಇದ್ದದ್ದೇ ಅಲ್ವಾ? ಬ್ಯಾಟರಿ ಸತ್ತ ಲ್ಯಾಪ್‌ಟಾಪ್‌ನಲ್ಲಿ ಇನ್‌ಸ್ಟಾಲ್ ನಡೆಯುವಾಗ ಕರೆಂಟ್ ಹೋದರೆ ಕೆಲಸ ನಡುವೆಯೇ ತುಂಡಾಗುತ್ತದೆ. ಆಮೇಲೆ ಏನು ಹಾಕಲು ಹೋದರೂ ‘ಡಿಪಿಕೆಜಿ ನಡುವೆ ನಿಂತಿದೆ’ ಎಂಬ ತಕರಾರು. ಡಿಪಿಕೆಜಿ ಅಂದರೆ ಆಪ್ಟ್‌ನ ಹಿಂದೆ ನಿಂತು ಪೊಟ್ಟಣ ಹಾಕುವ ಸಾಧನ. ಗಾಬರಿ ಬೇಡ, ಮತ್ತೆ ಉಬುಂಟು ಹಾಕುವ ಅಗತ್ಯವೂ ಇಲ್ಲ. ಏನು ಮಾಡಬೇಕು ಅನ್ನುವ ಆಜ್ಞೆ ಆ ಸಾಲಿನಲ್ಲೇ ಬರೆದಿರುತ್ತದೆ. ಉದ್ಧರಣ ಚಿಹ್ನೆಗಳ ನಡುವಿನ ಭಾಗ ಮಾತ್ರ ಕಾಪಿ ಮಾಡಿ, ಪೇಸ್ಟ್ ಮಾಡಿ, ಎಂಟರ್ ಒತ್ತಿ. ಅರ್ಧ ಆದದ್ದು ಪೂರ್ತಿಯಾಗುತ್ತದೆ. ಆಮೇಲೂ ‘ಅವಲಂಬನೆ ಮುರಿದಿದೆ’ ಅಂದರೆ ಆಪ್ಟ್‌ಗೆ ಫಿಕ್ಸ್-ಬ್ರೋಕನ್ ಆಜ್ಞೆ ಕೊಡಿ. ಟೀಚರ್ ಯಂತ್ರದಲ್ಲಿ ಇದೂ ಆಗಿತ್ತು, ಎರಡು ಆಜ್ಞೆಗೆ ಸರಿಹೋಯಿತು.

ಮತ್ತೆ ಆ ಸಿಡಿ

ಇಷ್ಟೆಲ್ಲ ಆದ ಮೇಲೆ ಸಿಡಿಯ ಪಾಠಕ್ಕೆ ಬಂದೆವು. ಪೂರ್ತಿ ಸಿಡಿಯನ್ನು ಹೋಮ್‌ನ ‘ಡಾಕ್ಯುಮೆಂಟ್ಸ್’ಗೆ ಕಾಪಿ ಮಾಡಿದೆ. ಗೋಡೆಯ ತಕರಾರು ಇರಬಹುದಾ ಅನ್ನುವ ಅನುಮಾನ ಅಲ್ಲಿಗೆ ಮುಗಿಯುತ್ತದೆ. ರಫಲ್ ಐಕಾನ್ ಒತ್ತಿ, ಅದರ ಸ್ವಂತ ಪ್ಲೇಯರ್ ಪುಟ ತೆರೆದು, ಎಸ್‌ಡಬ್ಲ್ಯುಎಫ್ ಫೈಲ್ (ಫ್ಲ್ಯಾಶ್ ಅನಿಮೇಶನ್‌ನ ಫೈಲ್) ಆರಿಸಿದೆ. ಸಿಡಿಯ ಮುಖಪುಟ ಬಂತು, ಸಂಗೀತವೂ ಬಂತು. ಅಧ್ಯಾಯ ಒತ್ತಿದರೆ ಮಾತ್ರ ಏನೂ ಆಗಲಿಲ್ಲ.

ಕಾರಣ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಮುಖಪುಟದ ಫೈಲ್ ಪಕ್ಕದ ಫೋಲ್ಡರ್‌ನಿಂದ ಅಧ್ಯಾಯದ ಫೈಲ್ ಕರೆಯುತ್ತದೆ. ನಾವು ಬ್ರೌಸರ್‌ಗೆ ಕೊಟ್ಟದ್ದು ಒಂದೇ ಫೈಲ್, ಪಕ್ಕದ್ದು ಅದಕ್ಕೆ ಗೊತ್ತಿಲ್ಲ. ರಫಲ್‌ನ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಅದೇ ಮುಖಪುಟ ತೆರೆದೆ. ಅಧ್ಯಾಯಗಳು ತೆರೆದವು. ಹೃದಯ ಬಡಿಯಿತು, ಕೆಂಪು ನೀಲಿ ರಕ್ತ ಹರಿಯಿತು. ಟೀಚರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಪೂರ್ತಿ ನೋಡಿದರು.

ವಿದ್ಯುತ್ ಮಂಡಲದ ಪಾಠ ಮಾತ್ರ ತೆರೆದು ನಿಂತುಬಿಟ್ಟಿತು. ಫ್ಲ್ಯಾಶ್‌ನ ಭಾಷೆಯಲ್ಲಿ ಹಳೆಯ ಎರಡು ಆವೃತ್ತಿಗಳನ್ನು ರಫಲ್ ಚೆನ್ನಾಗಿ ನಡೆಸುತ್ತದೆ. ಮೂರನೆಯದರ ಬೆಂಬಲ ಇನ್ನೂ ಪೂರ್ತಿಯಾಗಿಲ್ಲ, ಆ ಪಾಠ ಮೂರನೆಯದರಲ್ಲಿತ್ತು. ಅದರ ಹಿಂದೆ ಬೀಳುವುದು ಬಿಟ್ಟು, ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ತಾಣದಲ್ಲಿರುವ ವಿದ್ಯುತ್ ಮಂಡಲ ಕಟ್ಟುವ ಪ್ರಯೋಗ ತೋರಿಸಿದೆ. ಅದು ಈಗಿನ ವೆಬ್ ಪುಟಗಳ ಭಾಷೆಯಾದ ಎಚ್‌ಟಿಎಂಎಲ್5ರಲ್ಲಿದೆ, ಯಾವ ಪ್ಲಗಿನ್ನೂ ಕೇಳುವುದಿಲ್ಲ. ವೈರ್ ಎಳೆದು ಬ್ಯಾಟರಿಗೆ ಜೋಡಿಸಿದರೆ ಬಲ್ಬ್ ಹತ್ತುತ್ತದೆ, ಇನ್ನೊಂದು ಬ್ಯಾಟರಿ ಸೇರಿಸಿದರೆ ಜೋರಾಗಿ ಹತ್ತುತ್ತದೆ.

“ಸಾಲಿಯಾಗ ನೆಟ್ ಇರಂಗಿಲ್ರಿ” ಅಂದರು. ಆ ಪ್ರಯೋಗವನ್ನು ಒಂದೇ ಫೈಲ್ ಆಗಿ ಇಳಿಸಿಕೊಳ್ಳಲು ಬರುತ್ತದೆ. ಇಳಿಸಿ, ಡಾಕ್ಯುಮೆಂಟ್ಸ್‌ನಲ್ಲಿ ಸಿಡಿಯ ಫೋಲ್ಡರ್ ಪಕ್ಕದಲ್ಲೇ ಇಟ್ಟೆ. ಹಾಟ್‌ಸ್ಪಾಟ್ ಆಫ್ ಮಾಡಿ ಅವರ ಕೈಗೆ ಕೊಟ್ಟೆ. ಫೈಲ್ ಒತ್ತಿದರು, ತೆರೆಯಿತು.